ಅಜ್ಜಿಯ ಕಣ್ಣು ಹೊಳೆಯಿತೋ, ಕೋರೈಸಿತೋ?

ಓದುಗರೊಬ್ಬರ ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದರ ಬಗ್ಗೆ ಪ್ರಬಂಧ ಬರೆದಿದ್ದಳು. 'ನಾವು ಬಸ್ಸಿನಿಂದ ಇಳಿದಾಗ ಅಜ್ಜಿಯ ಕಣ್ಣುಗಳು ಸಂತೋಷದಿಂದ ಕೋರೈಸಿದವು' ಎಂಬ ವಾಕ್ಯ ಅದರಲ್ಲಿತ್ತು. ಟೀಚರ್ 'ಕೋರೈಸಿದವು' ಅಡಿಗೆ ಕೆಂಪು ಗೆರೆ ಎಳೆದಿದ್ದಾರೆ, ಕಾರಣ ಬರೆದಿಲ್ಲ. ಮನೆಯಲ್ಲಿರುವ ಚಿಕ್ಕ ನಿಘಂಟಿನಲ್ಲಿ ಕೋರೈಸು ಎಂದರೆ 'ಹೊಳೆ, ಪ್ರಕಾಶಿಸು' ಎಂದೇ ಇದೆ. ಹಾಗಿದ್ದರೆ ತಪ್ಪೇನು? ಹೊಳೆ, ಮಿನುಗು, ಮಿಂಚು, ಥಳಥಳಿಸು, ಕೋರೈಸು ಎಲ್ಲ ಒಂದೇ ಅಲ್ವಾ?

ಉತ್ತರ:

ಗೆರೆ ಎಳೆದದ್ದು ಸರಿ. ಆದರೆ ಕಾರಣವನ್ನೂ ಬರೆಯಬೇಕಿತ್ತು. ಯಾಕೆಂದರೆ ನಿಮ್ಮ ಮಗಳ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಅದು ನೆಟ್ಟಗಿರುವ ಕನ್ನಡ ವಾಕ್ಯವೇ. ಅವಳು ಹೇಳಬೇಕೆಂದಿದ್ದನ್ನು ಬಿಟ್ಟು ಬೇರೇನನ್ನೋ ಹೇಳುತ್ತಿದೆ, ಅಷ್ಟೇ. 'ಅಜ್ಜಿಯ ಕಣ್ಣುಗಳು ಕೋರೈಸಿದವು' ಎಂದು ಓದಿದವರಿಗೆ ಕಾಣುವ ಚಿತ್ರ ಇದು: ಜೋರು ಬೆಳಕು ಬಂದು ಅಜ್ಜಿಯ ಕಣ್ಣಿಗೆ ಬಿತ್ತು, ಒಂದು ಕ್ಷಣ ಅವರಿಗೆ ಏನೂ ಕಾಣಲಿಲ್ಲ. ಮೊಮ್ಮಗಳು ಬಂದು ಎದುರಿಗೆ ನಿಂತಿದ್ದಾಳೆ, ಅಜ್ಜಿಗೆ ಮಾತ್ರ ಕಾಣುತ್ತಿಲ್ಲ. ಅವಳು ಬರೆಯಲು ಹೊರಟದ್ದು ಇದನ್ನಲ್ಲ, ಅಲ್ವಾ?

ನಿಮ್ಮ ನಿಘಂಟು ಸುಳ್ಳು ಹೇಳಿಲ್ಲ. ಜಾಗ ಸಾಲದೆ ಅರ್ಧ ಹೇಳಿದೆ. ಚಿಕ್ಕ ನಿಘಂಟು ಒಂದು ಪದಕ್ಕೆ ಇನ್ನೊಂದು ಪದ ಕೊಡುತ್ತದೆ. ಆ ಪದ ಯಾರ ಜೊತೆ ಓಡಾಡುತ್ತದೆ ಎಂದು ಹೇಳುವುದಿಲ್ಲ. ಕೋರೈಸು ಯಾವಾಗಲೂ ಕಣ್ಣಿನ ಜೊತೆ ಓಡಾಡುವ ಪದ. ನೀವು ಕೇಳಿದ, ಓದಿದ ವಾಕ್ಯಗಳನ್ನು ನೆನಪು ಮಾಡಿಕೊಳ್ಳಿ. 'ಕಣ್ಣು ಕೋರೈಸುವ ಬೆಳಕು', 'ಕಣ್ಣು ಕೋರೈಸುವ ಬಿಸಿಲು', 'ನೋಡಿದವರ ಕಣ್ಣು ಕೋರೈಸುವಂತೆ'. ಕಣ್ಣನ್ನು ತೆಗೆದುಬಿಟ್ಟು 'ದೀಪ ಕೋರೈಸಿತು' ಎಂದು ಹೇಳಿ ನೋಡಿ. ಏನೋ ಕಡಿಮೆಯಾದ ಹಾಗೆ ಅನಿಸುತ್ತದೆ. 'ದೀಪ ಹೊಳೆಯಿತು' ಎಂದಾಗ ಹಾಗೆ ಅನಿಸುವುದಿಲ್ಲ.

ಇದನ್ನು ಎರಡು ರೀತಿಯಲ್ಲಿ ಬಳಸುತ್ತೇವೆ. 'ಬೆಳಕು ಕಣ್ಣು ಕೋರೈಸಿತು' ಎನ್ನುತ್ತೇವೆ. ಇಲ್ಲಿ ಮಾಡಿದ್ದು ಬೆಳಕು, ಅನುಭವಿಸಿದ್ದು ಕಣ್ಣು. 'ಬೆಳಕಿಗೆ ಕಣ್ಣು ಕೋರೈಸಿತು' ಎಂದೂ ಹೇಳುತ್ತೇವೆ. ಇಲ್ಲಿ ಕಣ್ಣೇ ಕರ್ತೃವಿನ ಜಾಗಕ್ಕೆ ಬಂದಿದೆ, ಆದರೂ ಪೆಟ್ಟು ತಿಂದದ್ದು ಕಣ್ಣೇ. ನಿಮ್ಮ ಮಗಳ ವಾಕ್ಯ ಈ ಎರಡನೇ ಅಚ್ಚಿನಲ್ಲಿ ಬಂದು ಕೂತಿದೆ. ಅದಕ್ಕೇ ಅರ್ಥ ತಿರುಗಿಬಿಟ್ಟಿತು.

ರೂಪದ ಬಗ್ಗೆಯೂ ಒಂದು ಮಾತು. 'ಕೋರೈಸು' ಎಂದು ಬರೆಯುವುದೇ ಈಗ ರೂಢಿ. 'ಕೋರಯಿಸು' ಎಂಬ ರೂಪವೂ ಉಂಟು, ಅದೂ ತಪ್ಪಲ್ಲ. 'ಕೊರೈಸು' ಎಂದು ಹ್ರಸ್ವ ಮಾಡುವುದು, 'ಕೋರಿಸು' ಎಂದು ಮೊಟಕು ಮಾಡುವುದು ತಪ್ಪು. ಕೊನೆಯಲ್ಲಿ 'ಇಸು' ಇದೆಯಲ್ಲ, ಅದನ್ನು ನೋಡಿ ಮಾಡು-ಮಾಡಿಸು, ಓದು-ಓದಿಸು ಇದ್ದ ಹಾಗೆ ಇದಕ್ಕೂ ಒಂದು ಮೂಲ ಕ್ರಿಯಾಪದ ಇರಬೇಕು ಅಂತ ಮಕ್ಕಳು ಹುಡುಕುತ್ತಾರೆ. ಇಂದಿನ ಬಳಕೆಯಲ್ಲಿ ಅಂಥ ಬೇರೆ ಪದ ಇಲ್ಲ. ಕೋರೈಸು ಎಂಬುದನ್ನು ಇಡಿಯಾಗಿಯೇ ಕಲಿಯಬೇಕು.

ಈ ಪದದ ನಿಜವಾದ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ರಸ್ತೆಯಲ್ಲಿ. ಕಾಲೇಜಿನ ದಿನಗಳಲ್ಲಿ ರಾತ್ರಿ ಸೈಕಲ್ ತುಳಿದುಕೊಂಡು ಊರಿಗೆ ಹೋಗುತ್ತಿದ್ದೆ. ದಾರಿದೀಪ ಇರಲಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ರಸ್ತೆಯ ಅಂಚು, ಗದ್ದೆಯ ಬದು, ಕಾಲುವೆಯ ನೀರು ಎಲ್ಲ ಮಸಕು ಮಸಕಾಗಿ ಕಾಣುತ್ತಿತ್ತು. ಒಂದು ದಿನ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಹೆಡ್‌ಲೈಟಿನ ಬೆಳಕು ಮುಖಕ್ಕೆ ಬಿತ್ತು. ಲಾರಿ ದಾಟಿ ಹೋದ ಮೇಲೂ ನನಗೆ ರಸ್ತೆ ಕಾಣಲಿಲ್ಲ. ಸೈಕಲ್ ಸಮೇತ ಬದುವಿನಿಂದ ಕೆಳಗೆ ಹೋದೆ. ಮರುದಿನ ನನ್ನ ಮಂಡಿ ನೋಡಿದ ಅಮ್ಮ ಕೇಳಿದ್ದು ಒಂದೇ ಮಾತು: 'ಲಾರಿ ಲೈಟಿಗೆ ಕಣ್ಣು ಕೋರೈಸ್ತಾ?'

ಕಣ್ಣಿನೊಳಗೆ ಆಗುವುದನ್ನು ತಿಳಿದುಕೊಂಡರೆ ಈ ಪದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕತ್ತಲಲ್ಲಿ ಕಣ್ಣಪಾಪೆ ದೊಡ್ಡದಾಗುತ್ತದೆ. ಎಳೆಯ ವಯಸ್ಸಿನವರಲ್ಲಿ 7–8 ಮಿಲಿಮೀಟರಿನವರೆಗೂ ಅಗಲವಾಗುತ್ತದೆ. ಜೋರು ಬೆಳಕಿನಲ್ಲಿ ಅದೇ ಪಾಪೆ 2 ಮಿಲಿಮೀಟರಿನ ಹತ್ತಿರಕ್ಕೆ ಮುದುಡುತ್ತದೆ. ಮುದುಡುವುದು ಬೇಗ ಆಗುತ್ತದೆ. ಆದರೆ ಕಣ್ಣಿನ ಹಿಂಪರದೆಯಲ್ಲಿ ಕತ್ತಲ ನೋಟಕ್ಕೆ ಬೇಕಾದ ಬಣ್ಣದ ವಸ್ತು ಒಂದಿದೆ. ಜೋರು ಬೆಳಕು ಬಿದ್ದರೆ ಅದು ಒಡೆದುಹೋಗುತ್ತದೆ. ಮತ್ತೆ ಪೂರ್ತಿ ಕೂಡಿಕೊಳ್ಳಲು 20–30 ನಿಮಿಷ ಬೇಕು. ಬೆಳಕು ಹೋದರೂ ನೋಟ ತಕ್ಷಣ ವಾಪಸು ಬಾರದಿರುವುದು ಅದಕ್ಕೇ. ಕೋರೈಸು ಎಂಬ ಪದ ಹೆಸರಿಡುವುದು ಈ ಇಡೀ ಘಟನೆಗೆ. ಬೆಳಕು ಬಂದು ಕಣ್ಣಿನ ಕೆಲಸ ನಿಲ್ಲಿಸಿತು ಎಂಬುದಕ್ಕೆ.

ನಮ್ಮ ಅಕ್ಕಪಕ್ಕದ ಭಾಷೆಗಳೂ ಇದನ್ನು ಕಣ್ಣಿಲ್ಲದೆ ಹೇಳುವುದಿಲ್ಲ. ತಮಿಳಿನಲ್ಲಿ 'ಕಣ್ ಕೂಸು' ಎನ್ನುತ್ತಾರೆ. ಮರಾಠಿಯಲ್ಲಿ 'ಡೋಳೆ ದಿಪಣೆ', ಹಿಂದಿಯಲ್ಲಿ 'ಆಂಖೇಂ ಚೌಂಧಿಯಾನಾ'. ತೆಲುಗಿನವರು 'ಕಳ್ಳು ಮಿರುಮಿಟ್ಲು ಗೊಲಿಪೇ' ಎನ್ನುತ್ತಾರೆ. ಎಲ್ಲ ಕಡೆಯೂ ಕಣ್ಣು ಕಡ್ಡಾಯ. ಹಾಗಾಗಿ ಇದು ಕನ್ನಡದ್ದೊಂದೇ ಹಟ ಅಲ್ಲ.

ಕನ್ನಡದಲ್ಲಿ ಇದಕ್ಕಿಂತ ಒರಟಾದ ಅಣ್ಣ ಒಬ್ಬನಿದ್ದಾನೆ: 'ಕಣ್ಣು ಕುಕ್ಕು'. ಕೋಳಿ ಕಾಳು ಕುಕ್ಕಿದ ಹಾಗೆ ಬೆಳಕು ಕಣ್ಣನ್ನು ಕುಕ್ಕುತ್ತದೆ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಅತಿ ಪ್ರಖರವಾದ ಎಲ್‌ಇಡಿ ಹೆಡ್‌ಲೈಟ್ ಹಾಕಿಸಿಕೊಂಡವರ ಮೇಲೆ ಕೇಸು ಹಾಕಲು ಹೊರಟಾಗ 'ಕಣ್ಣು ಕುಕ್ಕುವ ಲೈಟು' ಎಂಬ ಮಾತು ಮತ್ತೆ ಮತ್ತೆ ಕೇಳಿಬಂತು. ಅಲ್ಲಿ ಆ ಪದ ಸರಿಯಾಗಿ ಕೂತಿತ್ತು. ಕುಕ್ಕು ಎಂಬುದರಲ್ಲಿ ದೂರು ಇದೆ. ಹೊಟ್ಟೆಕಿಚ್ಚಿಗೂ ಅದನ್ನೇ ಬಳಸುತ್ತೇವೆ: 'ಅವರ ಮನೆ ಕಟ್ಟಿದ್ದು ಇವರ ಕಣ್ಣು ಕುಕ್ಕುತ್ತಿದೆ'. ಕೋರೈಸು ಅಷ್ಟು ದೂರ ಹೋಗುವುದಿಲ್ಲ. ಅದರಲ್ಲಿ ಅರ್ಧ ಬೆರಗು, ಅರ್ಧ ನೋವು. ಬಿಸಿಲಿನ ಹೊತ್ತಿನಲ್ಲಿ ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಿ ನಿಂತರೆ ಇದು ಗೊತ್ತಾಗುತ್ತದೆ. ಬೆಳ್ಳನೆಯ ಉಪ್ಪಿನ ರಾಶಿ. ನೋಡದೆ ಇರಲು ಆಗುವುದಿಲ್ಲ. ನೋಡುತ್ತಾ ನಿಲ್ಲಲೂ ಆಗುವುದಿಲ್ಲ. ಕಣ್ಣು ತಾನಾಗಿ ಕಿರಿದಾಗುತ್ತದೆ, ಕೈ ತಾನಾಗಿ ಹಣೆಗೆ ಹೋಗುತ್ತದೆ. ಕೈ ಹಣೆಗೆ ಹೋಗುವಂತಿದ್ದರೆ ಕೋರೈಸು ಬಳಸಿ. ಮಕ್ಕಳಿಗೆ ನಾನು ಹೇಳಿಕೊಡುವ ಗುರುತು ಇದೊಂದೇ.

ಈಗ ಈ ಪದವನ್ನು ಸುಮ್ನೆ ಹೊಗಳಿಕೆಗೆ ಬಳಸುವುದು ಜಾಸ್ತಿಯಾಗಿದೆ. ಕಣ್ಣು ಕೋರೈಸುವ ರಂಗೋಲಿ, ಕಣ್ಣು ಕೋರೈಸುವ ಹಸಿರು, ಕಣ್ಣು ಕೋರೈಸುವ ಹೂವಿನ ತೋಟ. ಇವು ನನಗೆ ಒಪ್ಪಿಗೆಯಿಲ್ಲ. ಹಸಿರು ಕಣ್ಣಿಗೆ ತಂಪು. ಅದು ಯಾರ ಕಣ್ಣನ್ನೂ ಕೋರೈಸುವುದಿಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ 'ಕಣ್ಣು ಕೋರೈಸುವ ಮಲೆನಾಡ ಹಸಿರು' ಎಂದು ತಲೆಬರಹ ಬರೆದಿದ್ದೆ. ಡೆಸ್ಕಿನ ಹಿರಿಯರೊಬ್ಬರು ನನ್ನನ್ನು ಕಿಟಕಿಯ ಹತ್ತಿರ ಕರೆದರು. ಹೊರಗಿದ್ದ ಮರ ತೋರಿಸಿ, 'ಇದನ್ನು ನೋಡು. ಕಣ್ಣು ಮುಚ್ಚಬೇಕು ಅನಿಸುತ್ತಾ?' ಎಂದು ಕೇಳಿದರು. ಆಮೇಲೆ 'ಕಂಗೊಳಿಸುವ' ಎಂದು ತಿದ್ದಿದರು. ಆ ಪಾಠ ಇವತ್ತಿಗೂ ಮರೆತಿಲ್ಲ.

ಕಂಗೊಳಿಸು ಪದವನ್ನು ಬಿಡಿಸಿ ನೋಡಿ. ಕಣ್ + ಕೊಳಿಸು. 'ಕಂಗೆಡು', 'ಕಂಬನಿ' ಪದಗಳಲ್ಲಿ ಅಡಗಿರುವ ಅದೇ ಕಣ್ಣು ಇಲ್ಲೂ ಇದೆ. ಕೊಳ್ಳುವುದೆಂದರೆ ತೆಗೆದುಕೊಳ್ಳುವುದು. ಕಣ್ಣನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು ಕಂಗೊಳಿಸುವುದು. ಹಾಗಾಗಿ ಚಂದ ಹೇಳುವುದಿದ್ದರೆ, ನೋಡುತ್ತಲೇ ಇರಬೇಕು ಅನಿಸುವಂತಿದ್ದರೆ, ಈ ಪದ ಸಾಕು. ತೋರಣ ಕಟ್ಟಿದ ಮನೆ, ಹೂ ಬಿಟ್ಟ ಮರ, ಸಿಂಗಾರ ಮಾಡಿದ ತೇರು, ಇವೆಲ್ಲ ಕಂಗೊಳಿಸುತ್ತವೆ.

ಮೈಸೂರು ಅರಮನೆಗೆ ಯಾವ ಪದ ಹಾಕಬೇಕು ಎಂದು ನನ್ನನ್ನು ಹಲವರು ಕೇಳಿದ್ದಾರೆ. ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತುತ್ತವೆ. ಆ ಕ್ಷಣಕ್ಕೆ 'ಕಣ್ಣು ಕೋರೈಸಿತು' ಎಂದರೆ ನಾನು ತಕರಾರು ಮಾಡುವುದಿಲ್ಲ. ಕತ್ತಲಲ್ಲಿ ಕಾಯುತ್ತಾ ನಿಂತ ಕಣ್ಣಿಗೆ ಹಾಗಾಗುವುದು ನಿಜ. ಆದರೆ ಆಮೇಲೆ? ಒಂದೊಂದು ಬಲ್ಬೂ ಚಿಕ್ಕದು, ಅದರ ಬೆಳಕು ಹಳದಿ ಮತ್ತು ಮೆತ್ತಗೆ. ಜನ ಗಂಟೆಗಟ್ಟಲೆ ಮೈದಾನದಲ್ಲಿ ಕೂತು ನೋಡಲು ತಯಾರು. ಆಗ ಅರಮನೆ 'ಜಗಮಗಿಸುತ್ತಿದೆ'. ತುಂಬಾ ದೀಪಗಳು ಒಟ್ಟಿಗಿದ್ದರೆ ಮಾತ್ರ ಜಗಮಗ. ಒಂದೇ ದೀಪ ಎಷ್ಟು ಜೋರಾಗಿದ್ದರೂ ಜಗಮಗಿಸಲಾರದು.

ಇನ್ನು ಹೊಳೆ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಶಾಂತವಾದ ಪದ ಇದು. ಇಲ್ಲಿ ಮಾತು ವಸ್ತುವಿನ ಬಗ್ಗೆ. ಯಾರು ನೋಡುತ್ತಿದ್ದಾರೆ, ಅವರ ಕಣ್ಣಿಗೆ ಏನಾಯಿತು ಎಂಬ ಪ್ರಶ್ನೆಯೇ ಬರುವುದಿಲ್ಲ. ತೊಳೆದಿಟ್ಟ ಚೊಂಬು ಹೊಳೆಯುತ್ತದೆ. ಒರೆಸಿದ ನೆಲ ಹೊಳೆಯುತ್ತದೆ. ಎಣ್ಣೆ ಹಚ್ಚಿದ ತಲೆಗೂದಲು ಹೊಳೆಯುತ್ತದೆ. 'ಹೊಳೆಯುವುದೆಲ್ಲ ಚಿನ್ನವಲ್ಲ' ಎನ್ನುವಾಗ ಬೇರೆ ಪದ ಹಾಕಿದರೆ ಮಾತು ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಿ ಹೇಳುತ್ತಿರುವುದು ಮೇಲ್ಮೈಯ ಗುಣವನ್ನು.

ಹೊಳೆ ಪದಕ್ಕೆ ಇನ್ನೊಂದು ಬಳಕೆ ಇದೆ. ನನಗೆ ಅದು ಬಲು ಪ್ರೀತಿ. 'ಅವನಿಗೆ ಉಪಾಯ ಹೊಳೆಯಿತು.' 'ಎಷ್ಟು ಯೋಚಿಸಿದರೂ ಹೊಳೆಯಲೇ ಇಲ್ಲ.' ಇಲ್ಲಿ ಮನುಷ್ಯ ಏನೂ ಮಾಡುತ್ತಿಲ್ಲ. 'ಅವನು ಹೊಳೆದನು' ಎನ್ನುವುದಿಲ್ಲ, 'ಅವನಿಗೆ ಹೊಳೆಯಿತು' ಎನ್ನುತ್ತೇವೆ. ಹಸಿವಾಯಿತು, ನೆನಪಾಯಿತು ಎನ್ನುವ ಹಾಗೆ. ವಿಚಾರ ಅಲ್ಲೇ ಕತ್ತಲಲ್ಲಿ ಬಿದ್ದಿತ್ತು, ಅದು ತಾನಾಗಿ ಹೊಳೆದಾಗ ನಮಗೆ ಕಂಡಿತು. ಯಾರೂ 'ಉಪಾಯ ಮಿನುಗಿತು' ಎಂದಾಗಲಿ 'ಥಳಥಳಿಸಿತು' ಎಂದಾಗಲಿ ಹೇಳುವುದಿಲ್ಲ. ಕೋರೈಸುವುದಂತೂ ದೂರದ ಮಾತು.

ಹಾಗಾದರೆ ನೀರು ಹರಿಯುವ ಹೊಳೆಗೂ ಇದಕ್ಕೂ ನಂಟಿದೆಯೇ? ನೀರು ಹೊಳೆಯುತ್ತದೆ, ಅದಕ್ಕೇ ಹೊಳೆ ಎಂದು ಕರೆದರು ಅಂತ ಹೇಳುವವರಿದ್ದಾರೆ. ಕೇಳಲು ಚಂದ, ಆದರೆ ನಿಜ ಅಲ್ಲ. ಹಳಗನ್ನಡದಲ್ಲಿ ಇವೆರಡು ಬೇರೆ ಬೇರೆ ಪದಗಳು. ಬೆಳಕಿನ ಹೊಳೆ 'ಪೊಳೆ', ನೀರಿನ ಹೊಳೆ 'ಪೊೞೆ'. ಈ ೞ ಅಕ್ಷರ ಆಮೇಲೆ ಕನ್ನಡದಿಂದ ಬಿಟ್ಟುಹೋಯಿತು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಅದು ಯಾವ ಯಾವ ಪದಗಳಲ್ಲಿ ಬರುತ್ತದೆ ಎಂದು ಪಟ್ಟಿ ಮಾಡಿಟ್ಟಿದ್ದಾನೆ. ಮಲಯಾಳಿಗಳು ಈಗಲೂ ನದಿಗೆ 'ಪುೞ' ಎನ್ನುತ್ತಾರೆ, ಆ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾರೆ. ನಮ್ಮಲ್ಲಿ ಪಕಾರ ಹಕಾರವಾಯಿತು, ೞ ಹೋಗಿ ಳ ಬಂತು, ಕೊನೆಗೆ ಎರಡೂ ಒಂದೇ ಥರ ಕೇಳತೊಡಗಿದವು. ಮಗಳಿಗೆ ಇದನ್ನು ಹೇಳಿ. ಮಕ್ಕಳಿಗೆ ಇಂಥ ಸಂಗತಿ ಬಹಳ ಇಷ್ಟವಾಗುತ್ತದೆ.

ಮಿನುಗು ಪದದ ಒಳಗೆ ಕಾಲ ಇದೆ. ಬೆಳಕು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬೆಳಕು ಚಿಕ್ಕದಾಗಿರಬೇಕು. ಕದಲುತ್ತಿರಬೇಕು. ಅದಕ್ಕೇ ನಕ್ಷತ್ರ ಮಿನುಗುತ್ತದೆ. ಬೆಳ್ಳಿ ಮೂಡುವ ಹೊತ್ತಿನಲ್ಲಿ ಎದ್ದು ಪೂರ್ವಕ್ಕೆ ನೋಡಿ. ಶುಕ್ರ, ಅಂದರೆ ನಮ್ಮ ಹಿರಿಯರ ಬೆಳ್ಳಿ, ಒಂದೇ ಸಮನೆ ಹೊಳೆಯುತ್ತಿರುತ್ತದೆ. ಸುತ್ತ ಇರುವ ನಕ್ಷತ್ರಗಳು ಮಿನುಗುತ್ತಿರುತ್ತವೆ. ಕಾರಣ ಸರಳ. ನಕ್ಷತ್ರಗಳು ಎಷ್ಟು ದೂರ ಎಂದರೆ ಬರೀ ಚುಕ್ಕಿಯಾಗಿ ಕಾಣುತ್ತವೆ. ಆ ಒಂದು ಎಳೆ ಬೆಳಕನ್ನು ನಮ್ಮ ಗಾಳಿಯ ಪದರಗಳು ಅಲ್ಲಾಡಿಸುತ್ತವೆ. ಗ್ರಹ ಹತ್ತಿರ ಇದೆ, ಪುಟ್ಟ ಬಿಲ್ಲೆಯ ಹಾಗೆ ಬೆಳಕು ಕಳಿಸುತ್ತದೆ. ಒಂದು ಎಳೆ ಅಲ್ಲಾಡಿದರೂ ಇನ್ನೊಂದು ಸರಿಮಾಡುತ್ತದೆ. ಆಕಾಶ ನೋಡುವವರು ಗ್ರಹವನ್ನೂ ನಕ್ಷತ್ರವನ್ನೂ ಬೇರೆ ಮಾಡುವುದು ಹೀಗೆಯೇ. ಕನ್ನಡದ ಎರಡು ಕ್ರಿಯಾಪದಗಳು ಆ ವ್ಯತ್ಯಾಸವನ್ನು ಮೊದಲೇ ಹಿಡಿದಿಟ್ಟಿವೆ. ಮೂಗುಬೊಟ್ಟಿನ ಹರಳಿಗೂ ಮಿನುಗು ಒಪ್ಪುತ್ತದೆ. ತಲೆ ಕದಲಿದಾಗಲೆಲ್ಲ ಅದರ ಬೆಳಕು ಬಂದು ಹೋಗುತ್ತದೆ.

ಇದೇ ಬಳಗದಲ್ಲಿ ಮಿಣುಕು, ಮಿಣಮಿಣ ಇವೆ. ಇವು ಇನ್ನೂ ಬಡಪಾಯಿ ಬೆಳಕುಗಳು. ಎಣ್ಣೆ ತೀರುತ್ತಾ ಬಂದ ದೀಪ ಮಿಣುಕುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆ, ಜೂನ್ ಹೊತ್ತಿಗೆ ಘಟ್ಟದ ಊರುಗಳಲ್ಲಿ ಮರದ ತುಂಬ ಕೂತು ಬೆಳಗುವ ಹುಳುವಿಗೆ ಕೆಲವರು ಮಿಣುಕುಹುಳು ಎನ್ನುತ್ತಾರೆ, ಕೆಲವರು ಮಿಂಚುಹುಳು ಎನ್ನುತ್ತಾರೆ. ಎರಡೂ ಸರಿ.

ಮಿಂಚು ಮಾತ್ರ ಒಂದೇ ಏಟಿನ ಕೆಲಸ. ಬಂತು, ಹೋಯಿತು. 'ಮಿಂಚು ಮಿಂಚಿತು' ಎನ್ನುವಾಗ ಹೆಸರೂ ಅದೇ, ಕೆಲಸವೂ ಅದೇ. ಆಟಗಾರ 'ಮೊದಲ ಪಂದ್ಯದಲ್ಲೇ ಮಿಂಚಿದ' ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಅಲ್ಲೂ ಥಟ್ಟನೆ ಎದ್ದು ಕಂಡ ಎಂಬ ಭಾವ ಇದೆ. ಹತ್ತು ವರ್ಷದಿಂದ ಒಂದೇ ಸಮ ಚೆನ್ನಾಗಿ ಆಡುತ್ತಿರುವವನಿಗೆ ಆ ಪದ ಅಷ್ಟು ಹೊಂದುವುದಿಲ್ಲ. 'ಕಾಲ ಮಿಂಚಿಹೋಯಿತು', 'ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ' ಎಂಬಲ್ಲಿರುವುದು ಬೇರೆ ಮಿಂಚು. ಅದು ಮಿಗು, ಮಿಕ್ಕ, ಮಿಗಿಲು ಇವುಗಳ ಮನೆಯದು. ಮೀರು ಎಂಬ ಅರ್ಥದ್ದು. ಆಕಾಶದ ಮಿಂಚಿಗೂ ಅದಕ್ಕೂ ಸಂಬಂಧವಿಲ್ಲ.

ಥಳಥಳಿಸು ಬಗ್ಗೆ ಕೇಳಿದ್ದೀರಿ. ಇದು ಅನುಕರಣ ಪದಕ್ಕೆ 'ಇಸು' ಸೇರಿ ಆದ ಕ್ರಿಯಾಪದ. ಧಗಧಗಿಸು, ಗಮಗಮಿಸು ಇದ್ದ ಹಾಗೆ. ಇದರಲ್ಲಿ ಒಂದು ಸೋಜಿಗ ಇದೆ. ಪಟಪಟ, ದಡದಡ ಎಂಬಲ್ಲಿ ನಾವು ಅನುಕರಿಸುವುದು ಕಿವಿಗೆ ಕೇಳಿದ ಸದ್ದನ್ನು. ಥಳಥಳ ಎಂಬಲ್ಲಿ ಸದ್ದೇ ಇಲ್ಲ. ಹಿತ್ತಾಳೆ ಚೊಂಬು ಸದ್ದು ಮಾಡುವುದಿಲ್ಲ, ಹೊಳೆಯುತ್ತದೆ ಅಷ್ಟೇ. ಆದರೂ ಆ ಹೊಳಪಿಗೆ ಕನ್ನಡಿಗರ ನಾಲಿಗೆ ಒಂದು ಸದ್ದು ಕಟ್ಟಿದೆ. ಒಂದಲ್ಲ, ಹತ್ತಾರು. ಅವುಗಳನ್ನು ಅದಲುಬದಲು ಮಾಡಿದರೆ ಊರಿನ ಹೆಂಗಸರು ತಕ್ಷಣ ಹಿಡಿಯುತ್ತಾರೆ.

ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ಹಿತ್ತಾಳೆ ಸಾಮಾನು ಎಲ್ಲ ಹಿತ್ತಿಲಿಗೆ ಬರುತ್ತಿತ್ತು. ಅಜ್ಜಿ ಹುಣಸೆಹಣ್ಣು ಹಿಸುಕಿ, ಬೂದಿ ಸೇರಿಸಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಿಲುಬನ್ನು ಕರಗಿಸುತ್ತದೆ. ಆ ಕೆಲಸಕ್ಕೆ ಅಜ್ಜಿ 'ಪಾತ್ರೆ ಬೆಳಗೋದು' ಎನ್ನುತ್ತಿದ್ದರು. ಈ ಮಾತನ್ನು ಕೇಳಿದ ಮೇಲೆ ಬೆಳಗು ಪದ ನನಗೆ ಬೇರೆಯೇ ಆಗಿ ಕಾಣತೊಡಗಿತು. ಹೊತ್ತು ಹುಟ್ಟುವುದೂ ಬೆಳಗು, ಆರತಿ ಎತ್ತುವುದೂ ಬೆಳಗುವುದು, ಪಾತ್ರೆ ತಿಕ್ಕುವುದೂ ಬೆಳಗುವುದು. ಕೊಳೆಯ ಅಡಿಯಲ್ಲಿ ಇದ್ದ ಬೆಳಕನ್ನು ಕೈಯಿಂದ ಹೊರಗೆ ತರುವ ಕೆಲಸ ಅದು. ಬೆಳಗಿದ ಮೇಲೆ ಚೊಂಬು 'ಥಳಥಳ' ಎನ್ನುತ್ತಿತ್ತು. ಅದೇ ಅಜ್ಜಿ ಸ್ಟೀಲ್ ಲೋಟಕ್ಕೆ 'ಫಳಫಳ' ಎನ್ನುತ್ತಿದ್ದರು. ರೇಷ್ಮೆ ಸೀರೆಯ ಸೆರಗಿಗೆ, ಎಣ್ಣೆ ಸವರಿದ ಕಲ್ಲಿನ ವಿಗ್ರಹಕ್ಕೆ 'ಮಿರಮಿರ'. ಒಲೆಯ ಕೆಂಡಕ್ಕೆ 'ನಿಗಿನಿಗಿ'. ಹೊಸ ಬಂಗಾರಕ್ಕೆ 'ಲಕಲಕ'. ಕೆಂಡಕ್ಕೆ ಫಳಫಳ ಎಂದಿದ್ದರೆ ಮನೆಮಂದಿಯೆಲ್ಲ ತಿರುಗಿ ನೋಡುತ್ತಿದ್ದರು. ಯಾರೂ ಇದನ್ನು ಶಾಲೆಯಲ್ಲಿ ಕಲಿಸಿರಲಿಲ್ಲ. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಊರಿಂದ ಊರಿಗೆ ಈ ಜೋಡಿ ಪದಗಳು ಸ್ವಲ್ಪ ಬದಲಾಗುತ್ತವೆ. ಉತ್ತರದ ಕಡೆ ಝಗಝಗ ಜಾಸ್ತಿ ಕೇಳುತ್ತೀರಿ. ನಿಮ್ಮ ಕಡೆ ಸ್ಟೀಲಿಗೆ ಪಳಪಳ ಎನ್ನುವ ರೂಢಿ ಇದ್ದರೆ ಅದೇ ಸರಿ. ಮನೆಯ ಹಿರಿಯರ ಬಾಯಲ್ಲಿ ಏನಿದೆಯೋ ಅದನ್ನೇ ಮಗಳು ಬರೆಯಲಿ.

ನೀವು ಕೇಳದಿದ್ದರೂ ಇನ್ನೊಂದು ಪದ ಹೇಳಿಬಿಡುತ್ತೇನೆ: ಮೆರೆ. ಈಗ ನಾವು 'ಜಾಸ್ತಿ ಮೆರೀಬೇಡ' ಎಂದು ಬೈಯುವಾಗ ಮಾತ್ರ ಅದನ್ನು ನೆನೆಯುತ್ತೇವೆ. ಮೂಲದಲ್ಲಿ ಅದೂ ಹೊಳೆಯುವುದೇ, ಎಲ್ಲರಿಗೂ ಕಾಣುವಂತೆ ಶೋಭಿಸುವುದು. 'ಮೆರವಣಿಗೆ' ಹುಟ್ಟಿದ್ದು ಅದರಿಂದ. ದೇವರನ್ನೋ ಮದುಮಕ್ಕಳನ್ನೋ ಬೀದಿಯಲ್ಲಿ ಕರೆದೊಯ್ಯುವುದು ಬರೀ ನಡಿಗೆ ಅಲ್ಲ, ಮೆರೆಸುವುದು.

ಈಗ ನಿಮ್ಮ ಮಗಳ ವಾಕ್ಯಕ್ಕೆ ಬರೋಣ. ಕೋರೈಸಿದವು ಎಂಬುದನ್ನು ಹೊಡೆದು ಯಾವ ಪದ ಹಾಕಬೇಕು? ಇದಕ್ಕೆ ನಾನಾಗಲಿ ಟೀಚರಾಗಲಿ ಉತ್ತರ ಕೊಡಲು ಆಗುವುದಿಲ್ಲ. ಅಂದು ಬಸ್‌ಸ್ಟಾಪಿನಲ್ಲಿ ಅಜ್ಜಿಯ ಮುಖ ನೋಡಿದವಳು ಅವಳು. ಅವಳನ್ನೇ ಕೇಳಿ. ಅಜ್ಜಿಯ ಕಣ್ಣಲ್ಲಿ ನೀರು ತುಂಬಿತ್ತಾ? ಹಾಗಿದ್ದರೆ 'ಹೊಳೆದವು'. ಕಣ್ಣಂಚಿನಲ್ಲಿ ಸಣ್ಣ ತುಂಟತನ ಬಂದು ಹೋಯಿತಾ, ಚಕ್ಕುಲಿ ಮಾಡಿಟ್ಟಿದ್ದನ್ನು ಮುಚ್ಚಿಟ್ಟುಕೊಂಡವರ ಹಾಗೆ? ಆಗ 'ಮಿನುಗಿದವು'. ಕಂಡ ತಕ್ಷಣ ಮುಖ ಪೂರ್ತಿ ಬದಲಾಯಿತಾ? ಆಗ 'ಕಣ್ಣಲ್ಲಿ ಮಿಂಚು ಹರಿಯಿತು' ಎನ್ನಬಹುದು. ಅಗಲವಾಗಿ ತೆರೆದುಕೊಂಡಿದ್ದರೆ 'ಅರಳಿದವು' ಎಂದರೆ ಸಾಕು. ಅಲ್ಲಿ ಬೆಳಕಿನ ಪದವೇ ಬೇಡ. 'ಸಂತೋಷದಿಂದ' ಎಂಬುದನ್ನೂ ಆಗ ತೆಗೆದುಹಾಕಬಹುದು, ಪದವೇ ಅದನ್ನು ಹೇಳುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಬೇಸಿಗೆ ರಜೆ ಎಂದಿರಿ. ಬಸ್ಸು ಮಟಮಟ ಮಧ್ಯಾಹ್ನ ಬಂದಿರಬಹುದು. ವಯಸ್ಸಾದವರ ಕಣ್ಣಿಗೆ ಬಿಸಿಲು ಹೆಚ್ಚು ತೊಂದರೆ ಕೊಡುತ್ತದೆ. ಪೊರೆ ಶುರುವಾಗಿದ್ದರಂತೂ ಬೆಳಕು ಕಣ್ಣಿನೊಳಗೆ ಚದುರಿ ಇನ್ನೂ ಜಾಸ್ತಿ ಕೋರೈಸುತ್ತದೆ. ನನ್ನ ಅಜ್ಜಿ ಪೊರೆ ತೆಗೆಸುವ ಮುಂಚೆ ಅಂಗಳಕ್ಕೆ ಬಂದರೆ ಸೆರಗು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಬಂದವರು ಯಾರು ಎಂದು ದನಿ ಕೇಳಿ ಗುರುತು ಹಿಡಿಯುತ್ತಿದ್ದರು. ನಿಮ್ಮ ಮಗಳು ಕಂಡದ್ದೂ ಅದೇ ಆಗಿದ್ದರೆ ಅವಳ ಪದವನ್ನು ಹೊಡೆದುಹಾಕಬೇಕಿಲ್ಲ. ಒಂದೇ ವಾಕ್ಯದ ಜಾಗದಲ್ಲಿ ನಾಲ್ಕು ವಾಕ್ಯ ಬರೆಯಲಿ: 'ನಾವು ಬಸ್ಸಿನಿಂದ ಇಳಿದೆವು. ಬಿಸಿಲಿಗೆ ಅಜ್ಜಿಯ ಕಣ್ಣು ಕೋರೈಸಿತ್ತು. ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ನೋಡಿದರು. ನಾನು ಅಜ್ಜೀ ಎಂದು ಕೂಗಿದೆ, ಆಗ ಆ ಕಣ್ಣು ಹೊಳೆದವು.'